ನೆಲ ಮುಟ್ಟದ ಕರಬೂಜ

ತಿಪಟೂರು
20 ಜನವರಿ 2025

ತಮ್ಮ ತೋಂಟದಾರ್ಯನಿಗೆ,

ಕುಶಲ ಕೇಳುವ ಶಾಸ್ತ್ರ ಬೇಡ. ನೀನು ಕುಶಲವಾಗಿಲ್ಲ ಅಂತ ಗೊತ್ತಾಗಿಯೇ ಬರೆಯುತ್ತಿದ್ದೇನೆ. ಸಂಕ್ರಾಂತಿಯ ದಿನ ನಿಮ್ಮೂರಿನ ಲಕ್ಷ್ಮಕ್ಕ ಎಳ್ಳುಬೆಲ್ಲ ಹಿಡಿದುಕೊಂಡು ಬಂದಿದ್ದಳು. "ನಿನ್ ತಮ್ಮುಂಗೆ ಕಿಡ್ನಿ ಕೆಟ್ಟೈತಂತೆ ಕಣಕ್ಕ, ಮುಖ ಎಲ್ಲಾ ಊದ್ಕೊಂಡೈತೆ" ಅಂದಳು. ನನ್ನ ಕೈಯಲ್ಲಿದ್ದ ಸಕ್ಕರೆ ಅಚ್ಚು ಹಾಗೇ ಕೆಳಗೆ ಬಿತ್ತು. ಆರು ವರ್ಷದಿಂದ ನಿನ್ನ ಮೇಲೆ ಹಲ್ಲು ಕಡಿಯುತ್ತಾ ಕೂತಿದ್ದವಳು ಅವತ್ತು ಊಟ ಬಿಟ್ಟೆ. ಇದೇನು ಕರ್ಮವೋ ನನ್ನದು!

ಕಾಗದ ನೋಡಿ ಉರಿದುಬೀಳಬೇಡ. ಆಣೆ ನನಗೂ ನೆನಪಿದೆ. ಅಮ್ಮನ ಕಾರ್ಯ ಮುಗಿದ ದಿನ ನಾನು ತೋಟದಲ್ಲಿ ನನ್ನ ಪಾಲು ಕೇಳಿದೆ. ನೀನು ಹಜಾರದಲ್ಲಿ ನೆಂಟರೆಲ್ಲರ ಎದುರಿಗೆ, "ಗಂಡನ್ನ ನುಂಗ್ಕೊಂಡೆ, ಈಗ ತೋಟ ನುಂಗಕ್ಕೆ ಬಂದ್ಯಾ?" ಅಂದೆ. ನಾನೇನು ಸುಮ್ಮನಿದ್ದೆನಾ? ಕರ್ಪೂರ ಹಚ್ಚಿಸಿದೆ. ಹನ್ನೆರಡು ವರ್ಷದ ನಿನ್ನ ಮಗಳು ಗಾನವಿಯನ್ನು ನಡುವೆ ನಿಲ್ಲಿಸಿ, ಇಬ್ಬರೂ ಅವಳ ತಲೆ ಮೇಲೆ ಕೈ ಇಟ್ಟೆವು. ಇನ್ನು ಒಬ್ಬರ ಜೊತೆ ಒಬ್ಬರು ಬಾಯಿ ಬಿಟ್ಟು ಮಾತಾಡುವುದಿಲ್ಲ, ಒಬ್ಬರ ನೆಲದಲ್ಲಿ ಬೆಳೆದದ್ದನ್ನು ಇನ್ನೊಬ್ಬರು ಬಾಯಿಗಿಡುವುದಿಲ್ಲ, ತಪ್ಪಿದರೆ ಈ ಮಗುವಿಗೆ ಕೇಡು ಅಂತ. ಎಂಥ ಬುದ್ಧಿಗೇಡಿ ಗಳಿಗೆ ಅದು! ಅವಳ ತಲೆ ನಿನಗೆಷ್ಟೋ ನನಗೂ ಅಷ್ಟೇ. ಅದಕ್ಕೇ ಫೋನ್ ಮುಟ್ಟಿಲ್ಲ. ಪಕ್ಕದ ಮನೆ ಶಿಲ್ಪ ವಾಟ್ಸಾಪ್ ಮಾಡಿ ಅಂತಾಳೆ. ಅದರಲ್ಲಿ ಬರೆದದ್ದನ್ನು ಫೋನೇ ಓದಿ ಹೇಳುತ್ತದಂತೆ. ಅದು ಮಾತಾಡಿದ ಹಾಗೇ ಆಯಿತಲ್ಲ? ಕಾಗದಕ್ಕೆ ಮಾತ್ರ ಯಾರೂ ಆಣೆ ಇಟ್ಟಿಲ್ಲ.

ಇನ್ನೊಂದು ಉಪಾಯವನ್ನೂ ಕಂಡುಹಿಡಿದಿದ್ದೇನೆ. ನೆಲದಲ್ಲಿ ಬೆಳೆದದ್ದು ತಾನೇ ತಿನ್ನಬಾರದು? ನನಗೆ ನೆಲವೇ ಇಲ್ಲ. ಬಾಡಿಗೆ ಮನೆಯ ತಾರಸಿ ಇದೆ. ನಾರಿನ ಮಿಲ್ಲಿನಿಂದ ಎಂಟು ಚೀಲ ತೆಂಗಿನ ನಾರಿನ ಪುಡಿ ತರಿಸಿದ್ದೇನೆ, ಖಾಲಿ ಪೇಂಟ್ ಡಬ್ಬ ಕೂಡಿಹಾಕಿದ್ದೇನೆ. ಒಂದು ಹಿಡಿ ಮಣ್ಣು ಹಾಕುವುದಿಲ್ಲ. ಅದರಲ್ಲಿ ಕರಬೂಜ ಬೆಳೆದು ನಿನಗೆ ಕಳಿಸುತ್ತೇನೆ. ಕರಬೂಜ ತಂಪು, ಮೂತ್ರ ಸರಾಗ ಮಾಡುತ್ತದೆ, ಕಿಡ್ನಿಯಲ್ಲಿರುವ ಕೊಳೆಯೆಲ್ಲಾ ತೊಳೆದುಕೊಂಡು ಹೋಗುತ್ತದೆ ಅಂತ ಅಮ್ಮ ಹೇಳುತ್ತಿರಲಿಲ್ಲವಾ? ನನ್ನ ಕೈಯಾರೆ ಬೆಳೆದ ಒಂದು ಹಣ್ಣು ನೀನು ತಿನ್ನಬೇಕು. ನನಗೆ ಬೇರೆ ಏನೂ ಬೇಡ, ತೋಟವೂ ಬೇಡ.

ಅಕ್ಕ ಗುರುಸಿದ್ದಮ್ಮ

*

ದಂಡಿನಶಿವರ
2 ಫೆಬ್ರವರಿ 2025

ಅಕ್ಕನಿಗೆ,

ಲಕ್ಷ್ಮಕ್ಕನ ಬಾಯಿಗೆ ಬೀಗ ಇಲ್ಲ. ಕಿಡ್ನಿ ಸ್ವಲ್ಪ ಸೋತಿದೆ ಅಂದಿದ್ದಾರೆ, ಮಾತ್ರೆ ಕೊಟ್ಟಿದ್ದಾರೆ, ಅಷ್ಟೇ. ತೋಟಕ್ಕೆ ಹೋಗುತ್ತೇನೆ, ಬರುತ್ತೇನೆ. ಮುಖ ಊದಿದ್ದು ಹಲ್ಲು ನೋವಿಗೆ.

ಹಣ್ಣು ಗಿಣ್ಣು ಏನೂ ಬೇಡ. ತಾರಸಿ ಮೇಲೆ ಕರಬೂಜ ಬೆಳೆಯುತ್ತಾಳಂತೆ! ನಗುವವರ ಮುಂದೆ ಎಡವಿ ಬೀಳಬೇಡ. ನಾರಿನ ಪುಡಿಯನ್ನು ಹಾಗೇ ಡಬ್ಬಕ್ಕೆ ತುಂಬಿದ್ದೀಯೇನು? ತೆಂಗಿನ ತೋಟದಲ್ಲಿ ಹುಟ್ಟಿ ಅಷ್ಟು ಗೊತ್ತಿಲ್ಲವಾ? ಹಸಿ ಮಟ್ಟೆಯ ಒಗರು ಇರುತ್ತದೆ, ಉಪ್ಪು ಇರುತ್ತದೆ, ಸಸಿ ಸುಟ್ಟುಹೋಗುತ್ತದೆ. ಮೂರು ದಿನ ಮೂರು ನೀರಿನಲ್ಲಿ ನೆನೆಸಿ ಹಿಂಡು. ಕಾಫಿಯಂಥ ನೀರು ಹೋಗಿ ತಿಳಿನೀರು ಬರಬೇಕು, ಆಮೇಲೆ ಗೊಬ್ಬರ ಬೆರೆಸು. ನಿನ್ನ ಮೇಲಿನ ಅಕ್ಕರೆಗೆ ಹೇಳಿದ್ದಲ್ಲ, ಬೀಜ ದಂಡವಾಗುತ್ತದಲ್ಲ ಅಂತ ಹೇಳಿದೆ.

ಅವತ್ತು ಹಜಾರದಲ್ಲಿ ಆಡಿದ ಮಾತಿನ ಬಗ್ಗೆ ಬರೆಯೋಣ ಅಂತ ಕೂತೆ. ಬರೆಯಲು ಆಗಲಿಲ್ಲ.

ತೋಂಟದಾರ್ಯ

*

ತಿಪಟೂರು
16 ಫೆಬ್ರವರಿ 2025

ತಮ್ಮನಿಗೆ,

ನಿನ್ನ ಕಾಗದ ಬರುವ ಹೊತ್ತಿಗೆ ಸುಟ್ಟುಹೋಗಿತ್ತು ಕಣೋ. ಹದಿನಾರು ಸಸಿಯೂ ಎಲೆ ಅಂಚು ಕೆಂಪಗಾಗಿ ಜೋತುಬಿದ್ದವು. ನಾನು ಯಾರೋ ಕಣ್ಣು ಹಾಕಿದರು ಅಂತ ಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆಯುತ್ತಾ ಕೂತಿದ್ದೆ! ಆಮೇಲೆ ನೀನು ಹೇಳಿದ ಹಾಗೆ ತೊಳೆದೆ. ಮೂರಲ್ಲ, ಐದು ನೀರು. ಕೆಳಗಿನ ಮನೆಯ ಸೌಮ್ಯ ಓಡಿಬಂದು, "ಏನ್ರೀ ಇದು, ಪೈಪ್ನಾಗೆ ಡಿಕಾಕ್ಷನ್ ಇಳೀತಾ ಐತೆ" ಅಂತ ಬೊಬ್ಬೆ ಹೊಡೆದಳು. ಹತ್ತನೇ ತಾರೀಕು ಎರಡನೇ ಸಲ ಬೀಜ ಹಾಕಿದ್ದೇನೆ. ಇವತ್ತು ಬೆಳಿಗ್ಗೆ ಹನ್ನೊಂದು ಮೊಳಕೆ ತಲೆ ಎತ್ತಿವೆ.

ಹಣ್ಣು ಬೇಡ ಅಂದೆಯಲ್ಲ, ಅದು ನೀನು ಆಡಿದ ಮಾತಲ್ಲ, ನಿನ್ನ ಸಿಟ್ಟು ಆಡಿಸಿದ್ದು. ನಿನ್ನ ಸಿಟ್ಟು ನನಗೆ ಗೊತ್ತಿಲ್ಲವಾ? ಚಿಕ್ಕವನಿದ್ದಾಗಲೂ ಹೊಟ್ಟೆ ಹಸಿದಾಗಲೇ ತಟ್ಟೆ ತಳ್ಳುತ್ತಿದ್ದೆ. ತಳ್ಳು, ಬುಡು. ನಾನು ಬಡಿಸುವವಳೇ.

ಅಕ್ಕ

*

ತಿಪಟೂರು
20 ಮಾರ್ಚ್ 2025

ತಮ್ಮನಿಗೆ,

ಒಂದು ತಿಂಗಳಾಯಿತು, ಒಂದು ಸಾಲಿಲ್ಲ ನಿನ್ನಿಂದ. ಇನ್ನೂ ಮುನಿಸಾ? ಇರಲಿ, ನಾನಂತೂ ಬರೆಯುತ್ತೇನೆ.

ಬಳ್ಳಿ ನೀರಿನ ಟ್ಯಾಂಕಿನ ಎತ್ತರಕ್ಕೆ ಹಬ್ಬಿದೆ. ದಾರ ಕಟ್ಟಿ ಚಪ್ಪರ ಮಾಡಿದ್ದೇನೆ. ಬೆಳಗಾಗುವಷ್ಟರಲ್ಲಿ ಹಳದಿ ಹೂವು ತುಂಬಿರುತ್ತವೆ, ಆದರೆ ಕಾಯಿ ಮಾತ್ರ ಒಂದೂ ಕಚ್ಚಲಿಲ್ಲ. ಶಿಲ್ಪ ಫೋನಿನಲ್ಲಿ ವಿಡಿಯೋ ಹಾಕಿ ತೋರಿಸಿದಳು. ಈ ಎತ್ತರಕ್ಕೆ ಜೇನು ಬರುವುದಿಲ್ಲವಂತೆ, ನಾವೇ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಸವರಬೇಕಂತೆ. ಹೆಣ್ಣು ಹೂವಿನ ಕೆಳಗೆ ಸಣ್ಣ ಗುಂಡು ಇರುತ್ತದೆ, ಅದೇ ಗುರುತು. ಬಿಸಿಲೇರುವ ಮುಂಚೆ ಆಗಬೇಕು. ಅರವತ್ತು ವರ್ಷದ ವಿಧವೆ ದಿನಾ ಬೆಳಿಗ್ಗೆ ಹೂವುಗಳಿಗೆ ಮದುವೆ ಮಾಡಿಸುತ್ತಿದ್ದೇನೆ, ನೋಡು ನನ್ನ ಹಣೆಬರಹ! ನಕ್ಕೆಯಾ? ನಕ್ಕಿರುತ್ತೀಯ.

ಎಂಟು ಹೀಚು ನಿಂತಿದ್ದವು. ಐದು ಹಳದಿಯಾಗಿ ಉದುರಿದವು. ಮೂರು ಇವೆ. ಬೆರಳು ತೋರಿಸಿ ಎಣಿಸಿದರೆ ಹೀಚು ಕೊಳೆಯುತ್ತದೆ ಅಂತಾರಲ್ಲ, ಅದಕ್ಕೆ ಬೆರಳು ಮಡಚಿಕೊಂಡೇ ಎಣಿಸುತ್ತೇನೆ. ಪ್ರತಿಯೊಂದಕ್ಕೂ ಹಳೇ ಸೀರೆ ಹರಿದು ಜೋಳಿಗೆ ಕಟ್ಟಿದ್ದೇನೆ, ಭಾರಕ್ಕೆ ತೊಟ್ಟು ಕಳಚಬಾರದಲ್ಲ.

ಮೈ ಹೇಗಿದೆ? ಒಂದು ಸಾಲು ಬರೆ.

ಅಕ್ಕ

*

ದಂಡಿನಶಿವರ
30 ಮಾರ್ಚ್ 2025, ಯುಗಾದಿ

ಅಕ್ಕ,

ಮೈ ಚೆನ್ನಾಗಿದೆ. ನಕ್ಕದ್ದು ನಿಜ. ದ್ರಾಕ್ಷಾಯಣಿ ಅಡಿಗೆಮನೆಯಿಂದ ಬಂದು, "ಯಾರ ಕಾಗ್ದ, ಹಂಗ್ ನಗ್ತಾ ಇದ್ದೀರಿ?" ಅಂದಳು. ಎಲ್‌ಐಸಿಯವರದು ಅಂದೆ.

ಮೂರರಲ್ಲಿ ಟ್ಯಾಂಕಿನ ಪಕ್ಕದ ಬಳ್ಳಿಯಲ್ಲಿರುವ ಕಾಯಿ ದಪ್ಪವಾಗುತ್ತದೆ. ಅದರ ಕುಡಿ ಚಿವುಟಿಬಿಡು, ಶಕ್ತಿಯೆಲ್ಲಾ ಕಾಯಿಗೆ ಬರಲಿ. ಪಡುವಣ ಕಡೆ ಕಟ್ಟಿರುವ ಗುಲಾಬಿ ಸೀರೆಯ ಜೋಳಿಗೆ ಒಂದು ಕಡೆ ಬಿಚ್ಚಿಕೊಂಡು ಗಾಳಿಗೆ ಹೊಡೆದಾಡುತ್ತಿದೆ, ಬಿಗಿಯಾಗಿ ಕಟ್ಟು. ಎಲೆ ಮೇಲೆ ನೀರು ಬೀಳದಂತೆ ಬುಡಕ್ಕೆ ಮಾತ್ರ ಹಾಕು. ನೀರಿನ ವಿಷಯ ಬರೆಯುವಾಗಲೇ ನನಗೆ ನಾಲಿಗೆ ಒಣಗುತ್ತದೆ. ಈ ವರ್ಷ ಬಿಸಿಲು ಹೆಚ್ಚು.

ಹಣ್ಣು ಕಳಿಸಬೇಡ. ನೀನೇ ತಿನ್ನು. ಬಳ್ಳಿಯನ್ನು ಮಾತ್ರ ಚೆನ್ನಾಗಿ ನೋಡಿಕೋ.

ತೋಂಟ

*

ತಿಪಟೂರು
28 ಏಪ್ರಿಲ್ 2025

ತೋಂಟಾ,

ಹಣ್ಣಾಯಿತು ಕಣೋ! ಮೂರು ದಿನದಿಂದ ತಾರಸಿ ಬಾಗಿಲು ತೆಗೆದರೆ ಘಮ್ ಅಂತಿತ್ತು. ಇವತ್ತು ಬೆಳಿಗ್ಗೆ ತೊಟ್ಟಿನ ಸುತ್ತ ಸಣ್ಣ ಬಿರುಕು ಕಂಡಿತು, ಮುಟ್ಟಿದೆ, ತಾನಾಗಿ ಕಳಚಿಕೊಂಡು ನನ್ನ ಅಂಗೈಗೆ ಬಂತು. ಕೂತು ಅತ್ತುಬಿಟ್ಟೆ.

ನಿಮ್ಮೂರ ಬಸ್ಸಿನ ಕಂಡಕ್ಟರ್ ಹನುಮಂತರಾಜು ಕೈಲಿ ಕಳಿಸುತ್ತಿದ್ದೇನೆ. "ಸೀಟ್ ಮೇಲೇ ಕೂರಿಸ್ಕೊಂಡು ಹೋಗ್ತೀನಿ ಬುಡ್ರವ್ವ" ಅಂದ. ಗುಲಾಬಿ ಸೀರೆಯ ವಿಷಯವನ್ನೂ ಅವನೇ ನಿನಗೆ ಹೇಳಿದ್ದಿರಬೇಕು, ನಮ್ಮ ಬೀದಿಯಲ್ಲೇ ಅವನ ಭಾವಮೈದುನನ ಮನೆ. ನೀನು ಇಷ್ಟೆಲ್ಲಾ ವಿಚಾರಿಸುತ್ತಿದ್ದೀಯಲ್ಲ, ಬಾಯಲ್ಲಿ ಮಾತ್ರ ಬೇಡ ಬೇಡ!

ಇಡೀ ಹಣ್ಣು ನೀನೊಬ್ಬನೇ ತಿನ್ನಬೇಕು. ಔಷಧಿ ಅಂತ ಬೆಳೆದದ್ದು, ಮನೆಗೆಲ್ಲಾ ಹಂಚಿದರೆ ಏನು ಫಲ? ನನ್ನ ಮೇಲೆ ಒಂದಿಷ್ಟಾದರೂ ವಿಶ್ವಾಸ ಉಳಿದಿದ್ದರೆ ತಿನ್ನು. ತಿಪ್ಪೆಗೆ ಎಸೆದರೆ ನನಗೆ ಗೊತ್ತಾಗುತ್ತದೆ. ಇದು ನೆಲ ಮುಟ್ಟಿದ ಹಣ್ಣಲ್ಲ. ಗಾನವಿಗೆ ಏನೂ ಆಗುವುದಿಲ್ಲ.

ಅಕ್ಕ

*

ದಂಡಿನಶಿವರ
9 ಮೇ 2025

ಅಕ್ಕ,

ತಿಂದೆ. ಪೂರ್ತಿ ನಾನೊಬ್ಬನೇ ತಿಂದೆ, ಸಿಪ್ಪೆಗೆ ಅಂಟಿದ್ದನ್ನೂ ಬಿಡಲಿಲ್ಲ. ನಾಲಿಗೆ ಮೇಲೆ ಇಷ್ಟು ನೀರು ಆಡಿ ಎಷ್ಟು ದಿನವಾಗಿತ್ತೋ. ಬಹಳ ಸಿಹಿ ಇತ್ತು.

ಉತ್ತರ ತಡವಾಯಿತು, ಕಾಯಿ ಕೀಳಿಸುವ ಕೆಲಸ ಇತ್ತು. ಅಕ್ಷರ ಸೊಟ್ಟಗಿವೆ, ಕೈಗೆ ಮಟ್ಟೆ ಬಡಿದಿದೆ.

ತೋಂಟ

*

ತಿಪಟೂರು
12 ಮೇ 2025

ತೋಂಟಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಶಿಲ್ಪಳಿಗೂ ಓದಿ ಹೇಳಿದೆ. ತಿಂದೆಯಲ್ಲ, ಸಾಕು! ಇನ್ನು ಮೈಯಲ್ಲಿ ಊತ ಇಳಿಯುತ್ತದೆ ನೋಡು. ಈಗಾಗಲೇ ಇಳಿದಿರಬೇಕು, ಇಲ್ಲದಿದ್ದರೆ ಕಾಯಿ ಕೀಳಿಸುವ ಕೆಲಸಕ್ಕೆ ಹೋಗಲು ಆಗುತ್ತಿತ್ತಾ?

ಇವತ್ತು ಎರಡು ಹಣ್ಣು ಕಳಿಸುತ್ತಿದ್ದೇನೆ, ಮೊದಲಿನದಕ್ಕಿಂತ ದೊಡ್ಡವು. ಆಮೇಲೆ ಕಚ್ಚಿದವು ಬಳ್ಳಿಯಲ್ಲಿ ಇನ್ನೂ ಆರು ಇವೆ. ಆರೂ ನಿನಗೇ. ಗಾನವಿಯ ಮದುವೆಯ ಹೊತ್ತಿಗಾದರೂ ಆ ದರಿದ್ರ ಆಣೆಯನ್ನು ಬಿಡಿಸಿಕೊಳ್ಳೋಣ. ಅಲ್ಲಿಯವರೆಗೆ ನೀನು ಗಟ್ಟಿಯಾಗಿರು.

ಅಕ್ಕ

*

ದಂಡಿನಶಿವರ
15 ಮೇ 2025

ಗುರುಸಿದ್ದಮ್ಮ ಅತ್ತೆಗೆ,

ನಾನು ಗಾನವಿ. ಈ ಕಾಗದ ಬರೆದದ್ದು ಅಪ್ಪನಿಗೆ ಗೊತ್ತಿಲ್ಲ. ಗೊತ್ತಾಗಬಾರದು, ದಯವಿಟ್ಟು.

ನೀವು ಕಳಿಸಿದ ಎರಡು ಹಣ್ಣುಗಳನ್ನು ಅಪ್ಪನ ಕಣ್ಣಿಗೆ ಬೀಳುವ ಮುಂಚೆ ನಾನು ದನಕ್ಕೆ ಹಾಕಿದೆ. ತಪ್ಪು ತಿಳಿಯಬೇಡಿ. ಅತ್ತೆ, ಅಪ್ಪನಿಗೆ ಎರಡು ಕಿಡ್ನಿಯೂ ಹೋಗಿವೆ. ಹೋದ ವರ್ಷ ಏಪ್ರಿಲ್‌ನಿಂದ ಮಂಗಳವಾರ, ಶುಕ್ರವಾರ ತಿಪಟೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಾರೆ. ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ನೀರು ಕುಡಿಯುವ ಹಾಗಿಲ್ಲ. ಎಳನೀರು, ಬಾಳೆಹಣ್ಣು, ಕರಬೂಜ ಮುಟ್ಟಲೇಬಾರದು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ಇಲ್ಲದವರಿಗೆ ಅದು ರಕ್ತದಲ್ಲೇ ಉಳಿದು ಎದೆಬಡಿತ ನಿಲ್ಲಿಸುತ್ತದೆ. ಏಪ್ರಿಲ್ 28ರ ಸಂಜೆ ಅಪ್ಪ ನಿಮ್ಮ ಹಣ್ಣನ್ನು ಕೊಟ್ಟಿಗೆಯಲ್ಲಿ ಕೂತು ತಿಂದಿದ್ದಾರೆ. ಆಮೇಲೆ ಮಾತು ತೊದಲಿತು, ಕಾಲು ಎತ್ತಲು ಆಗಲಿಲ್ಲ. ಒಂದು ವಾರ ಆಸ್ಪತ್ರೆಯಲ್ಲಿದ್ದರು. ಡಾಕ್ಟರ್ ಅಮ್ಮನಿಗೆ, "ಇನ್ನರ್ಧ ಗಂಟೆ ತಡ ಆಗಿದ್ರೆ ಉಳೀತಿರ್ಲಿಲ್ಲ ಕಣಮ್ಮ" ಅಂದರು.

ನಿಮಗೆ ಹೇಳೋಣ ಅಂತ ನಾನು ಹೋದ ವರ್ಷವೇ ಅಂದಿದ್ದೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ಅವರ ಕಿಡ್ನಿ ಆಗುವುದಿಲ್ಲ. ನಾನು ಕೊಡುತ್ತೇನೆ ಅಂದರೆ ಅಪ್ಪ ಕೇಳುವುದಿಲ್ಲ. ಅತ್ತೆಯನ್ನು ಕೇಳೋಣ ಅಂದಾಗ ತಟ್ಟೆ ಎಸೆದರು. "ಅವಳ ಪಾಲಿನ ತೋಟ ತಿಂದಿದ್ದೀನಿ, ಇನ್ನು ಅವಳ ಮೈನೂ ತಿನ್ಲಾ?" ಅಂತ ಕೂಗಿದರು.

ನಿಮ್ಮ ಹಣ್ಣು ಬಂದರೆ ಅಪ್ಪ ತಿನ್ನುತ್ತಾರೆ ಅತ್ತೆ. ಸಾಯುತ್ತೇನೆ ಅಂತ ಗೊತ್ತಿದ್ದೂ ತಿನ್ನುತ್ತಾರೆ. ಅದಕ್ಕೇ ಕೇಳುತ್ತಿದ್ದೇನೆ, ಇನ್ನು ಕಳಿಸಬೇಡಿ. ಬೆಳೆಯಲೂ ಬೇಡಿ.

ಗಾನವಿ

*

ತಿಪಟೂರು
18 ಮೇ 2025

ತೋಂಟದಾರ್ಯನಿಗೆ,

ಇನ್ನು ಹಣ್ಣು ಬರುವುದಿಲ್ಲ. ಬಳ್ಳಿಯೆಲ್ಲಾ ಬುಡಸಮೇತ ಕಿತ್ತು ಕಸದ ಗಾಡಿಗೆ ಹಾಕಿದೆ. ನನಗೂ ಸಾಕಾಯಿತು. ಕಾರಣ ಕೇಳಿ ಬರೆಯಬೇಡ.

ಗುರುಸಿದ್ದಮ್ಮ

*

ದಂಡಿನಶಿವರ
30 ಮೇ 2025

ಅಕ್ಕ,

ಈ ಕಾಗದದಲ್ಲಿ ಸುಳ್ಳು ಬರೆಯುವುದಿಲ್ಲ. ನಿಧಾನವಾಗಿ ಓದು, ನನಗೆ ಉಸಿರು ಹಿಡಿಯುತ್ತದೆ, ಅಕ್ಷರ ಓಡುವುದಿಲ್ಲ.

ಹದಿಮೂರು ತಿಂಗಳಿಂದ ವಾರಕ್ಕೆ ಎರಡು ದಿನ ನಾನು ತಿಪಟೂರಿಗೆ ಬರುತ್ತಿದ್ದೆ, ಡಯಾಲಿಸಿಸ್‌ಗೆ. ನಾಲ್ಕು ಗಂಟೆ ರಕ್ತವೆಲ್ಲಾ ಮಿಷಿನ್ನಿಗೆ ಹೋಗಿ ಬರುತ್ತದೆ. ಬಸ್ ಇಳಿದವನು ನೇರ ಆಸ್ಪತ್ರೆಗೆ ಹೋಗುತ್ತಿರಲಿಲ್ಲ. ನಿನ್ನ ಬೀದಿಗೆ ಬರುತ್ತಿದ್ದೆ. ನಿನ್ನ ಮನೆಯ ಎದುರಿಗಿರುವ ಝೆರಾಕ್ಸ್ ಅಂಗಡಿಯ ಮೆಟ್ಟಿಲ ಮೇಲೆ ತಲೆಗೆ ಟವೆಲ್ ಹಾಕಿಕೊಂಡು ಅರ್ಧ ಗಂಟೆ ಕೂರುತ್ತಿದ್ದೆ. ಮೊದಲು ನೀನು ಬಟ್ಟೆ ಹರವಲು ತಾರಸಿಗೆ ಬರುವುದನ್ನು ನೋಡುತ್ತಿದ್ದೆ. ಆಮೇಲೆ ಬಳ್ಳಿ ಬಂತು. ಗುಲಾಬಿ ಸೀರೆಯ ವಿಷಯ ಯಾರೂ ಹೇಳಿದ್ದಲ್ಲ, ನಾನೇ ನೋಡಿದ್ದು. ಹೂವು ಬಿಟ್ಟದ್ದು, ನೀನು ಒಂದೊಂದು ಹೂವಿನ ಮುಂದೆಯೂ ಕೂತು ಏಳುತ್ತಿದ್ದದ್ದು, ಜೋಳಿಗೆಗಳು ವಾರ ವಾರ ಕೆಳಗೆ ಜಗ್ಗುತ್ತಿದ್ದದ್ದು, ಎಲ್ಲಾ ನೋಡಿದ್ದೇನೆ. ನಿನ್ನ ಹಾಗೇ ಬೆರಳು ಮಡಚಿ ಎಣಿಸುತ್ತಿದ್ದೆ.

ಅಕ್ಕ, ಆ ದಪ್ಪ ಸೂಜಿ ಚುಚ್ಚಿಸಿಕೊಳ್ಳಲು ಬೆಳಿಗ್ಗೆ ಏಳಬೇಕಲ್ಲ, ಅದಕ್ಕೆ ನನಗೆ ಬೇರೆ ಕಾರಣ ಇರಲಿಲ್ಲ. ದ್ರಾಕ್ಷಾಯಣಿಯ ಮುಖ ನೋಡಿದರೂ ಏಳಲು ಮನಸ್ಸಾಗುತ್ತಿರಲಿಲ್ಲ. ಬಳ್ಳಿ ನೋಡಬೇಕು ಅಂತ ಏಳುತ್ತಿದ್ದೆ. ಹಣ್ಣು ನನಗೆ ಆಗುವುದಿಲ್ಲ ಅಂತ ಗೊತ್ತಿದ್ದೂ ತಿಂದೆ, ನಿನ್ನ ಕೈಯದು ಅಂತ ತಿಂದೆ. ಹಣ್ಣು ಬರದಿದ್ದರೂ ನಡೆಯುತ್ತಿತ್ತು, ಬಳ್ಳಿ ಇದ್ದಿದ್ದರೆ ಸಾಕಿತ್ತು.

ಇಪ್ಪತ್ತನೇ ತಾರೀಕು ಮಂಗಳವಾರ ಬಂದೆ. ಬರೀ ದಾರ ನೇತಾಡುತ್ತಿತ್ತು. ಬೇರೆ ಯಾರದೋ ಮನೆ ನೋಡುತ್ತಿದ್ದೇನೇನೋ ಅಂತ ಎದ್ದು ರಸ್ತೆ ದಾಟಿ ಬಂದು ನೋಡಿದೆ. ಮಾರನೇ ದಿನ ನಿನ್ನ ಕಾಗದ ಬಂತು, ಸಾಕಾಯಿತು ಅಂತ. ನಿನಗೆ ಸಾಕಾಗಬೇಕಾದದ್ದೇ. ಭಾವ ಆಸ್ಪತ್ರೆಯಲ್ಲಿ ಉಸಿರು ಎಳೆಯುತ್ತಿದ್ದಾಗ, ಹಕ್ಕು ಬಿಡುಗಡೆ ಪತ್ರಕ್ಕೆ ನಿನ್ನಿಂದ ಸಹಿ ಹಾಕಿಸಿಕೊಂಡವನು ನಾನು. ನೀನು ಏನು ಎತ್ತ ಅಂತ ಕೇಳದೆ ಹಾಕಿದೆ. ಆಮೇಲೆ ನೀನು ಪಾಲು ಕೇಳಿದಾಗ ನಾನು ಆ ಮಾತು ಆಡಿದೆ. ನಿನ್ನ ಸಿಟ್ಟು ಇಷ್ಟು ದಿನ ತಡೆದದ್ದೇ ಹೆಚ್ಚು. ಕಾಯಿಲೆಯ ವಿಷಯ ಹೇಳಿದ್ದರೆ ನೀನು ಕಿಡ್ನಿ ತಗೋ ಅಂತ ಬಂದು ನಿಲ್ಲುತ್ತಿದ್ದೆ. ಅದನ್ನು ತಗೊಳ್ಳುವ ಮುಖ ನನಗೆಲ್ಲಿದೆ?

ಅವತ್ತಿನದೇ ಕೊನೆ, ಆಮೇಲೆ ಡಯಾಲಿಸಿಸ್‌ಗೆ ಹೋಗಿಲ್ಲ. ಮೂರು ಸಲ ತಪ್ಪಿತು. ಡಾಕ್ಟರೇ ಬಿಡುವು ಕೊಟ್ಟಿದ್ದಾರೆ ಅಂತ ಮನೆಯಲ್ಲಿ ಹೇಳಿದ್ದೇನೆ. ದಣಿದಿದ್ದೇನೆ ಅಕ್ಕ. ಹಜಾರದಲ್ಲಿ ಆಡಿದ ಮಾತಿಗೆ ಕಾಲು ಹಿಡಿದು ತಪ್ಪಾಯಿತು ಅನ್ನುತ್ತೇನೆ. ಬರೆದುಬಿಟ್ಟೆ, ನೋಡು.

ತೋಂಟ

*

ತಿಪಟೂರು
2 ಜೂನ್ 2025, ಸೋಮವಾರ

ತೋಂಟಾ, ನನ್ನಪ್ಪಾ,

ಈಗ ಕಾಗದ ಸಿಕ್ಕಿತು. ಸಿಟ್ಟಿಗೆ ಕಿತ್ತದ್ದಲ್ಲ ಕಣೋ! ಗಾನವಿ ಬರೆದಿದ್ದಳು, ಹಣ್ಣು ನಿನ್ನ ಜೀವ ತೆಗೆಯುತ್ತದೆ ಅಂತ. ನಿನಗೆ ಹೇಳಬೇಡಿ ಅಂದಿದ್ದಳು, ಅದಕ್ಕೇ ಹಾಗೆ ಮುಖ ಮುರಿದು ಬರೆದೆ. ಒಂದು ಬಳ್ಳಿಯನ್ನಾದರೂ ಬಿಡಬಾರದಿತ್ತಾ ನಾನು, ಪಾಪಿ!

ಕೇಳು. ಇಪ್ಪತ್ತೆರಡನೇ ತಾರೀಕು ನಾನು ರಕ್ತ ಪರೀಕ್ಷೆ ಮಾಡಿಸಿಕೊಂಡೆ. ನಮ್ಮಿಬ್ಬರ ರಕ್ತ ಒಂದೇ ಗುಂಪು. ಬಿ.ಪಿ. ಇಲ್ಲ, ಸಕ್ಕರೆ ಇಲ್ಲ, ಕಿಡ್ನಿ ಕೊಡಬಹುದು, ಇನ್ನೆರಡು ಪರೀಕ್ಷೆ ಆಗಲಿ ಅಂದಿದ್ದಾರೆ. ಅದೂ ಆದಮೇಲೆ ಹೇಳೋಣ ಅಂತಿದ್ದೆ. ಇಪ್ಪತ್ಮೂರಕ್ಕೆ, ಇಪ್ಪತ್ತೇಳಕ್ಕೆ, ಮೂವತ್ತಕ್ಕೆ ಆಸ್ಪತ್ರೆಯ ಗೇಟಿನ ಹತ್ತಿರ ನಿಂತಿದ್ದೆ, ದೂರದಿಂದ ನಿನ್ನನ್ನು ನೋಡಲು. ಕಾಣಲಿಲ್ಲ. ಮೊದಲೇ ಒಳಗೆ ಹೋಗಿರಬೇಕು ಅಂತ ವಾಪಸ್ ಬಂದೆ. ಒಳಗೆ ಹೋಗಿ ಕೇಳಬಾರದಿತ್ತಾ?

ಈಗಲೇ ಓಡಿ ಬರುತ್ತಿದ್ದೆ. ನಡುವೆ ಗಾನವಿಯ ತಲೆ ಇದೆಯಲ್ಲ. ಪೂಜಾರಿಯನ್ನು ಕೇಳಿದೆ, ನಾಳೆ ಮಂಗಳವಾರ ಬೆಳಿಗ್ಗೆ ಊರಮ್ಮನ ಗುಡಿಯಲ್ಲಿ ತಪ್ಪುಕಾಣಿಕೆ ಇಟ್ಟು ಆಣೆ ಬಿಡಿಸಿಕೊಳ್ಳಬಹುದಂತೆ. ಗಾನವಿಯ ನಂಬರ್ ನನ್ನ ಹತ್ತಿರ ಇಲ್ಲ, ಲಕ್ಷ್ಮಕ್ಕ ಫೋನ್ ಎತ್ತುತ್ತಿಲ್ಲ. ಅದಕ್ಕೇ ಹನುಮಂತರಾಜು ಕೈಲಿ ಕೊಡುತ್ತಿದ್ದೇನೆ, ಇವತ್ತು ಸಂಜೆಗೇ ನಿನಗೆ ಸೇರುತ್ತದೆ. ನಾಳೆ ಮೊದಲ ಬಸ್ ಹತ್ತು. ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ನಿನ್ನನ್ನು ಹೆಸರಿಟ್ಟು ಕೂಗುತ್ತೇನೆ. ಬಾರೋ.

ಅಕ್ಕ

*

ದಂಡಿನಶಿವರ
16 ಜೂನ್ 2025

ಅತ್ತೆಗೆ,

ಕಾರ್ಯ ಎಲ್ಲಾ ಮುಗಿಯಿತು. ಅಮ್ಮ ಇನ್ನೂ ಸರಿಯಾಗಿ ಊಟ ಮಾಡುತ್ತಿಲ್ಲ.

ಜೂನ್ ಎರಡರಂದು ನೀವು ಕಂಡಕ್ಟರ್ ಕೈಲಿ ಕಳಿಸಿದ ಕಾಗದವನ್ನು ಇದರ ಜೊತೆ ವಾಪಸ್ ಇಟ್ಟಿದ್ದೇನೆ. ಅವರು ತಂದುಕೊಟ್ಟಾಗ ಸಂಜೆ ಆರು ಗಂಟೆ. ಅಪ್ಪ ಹೋಗಿ ಒಂದು ಗಂಟೆ ಆಗಿತ್ತು. ಅಪ್ಪನ ಹೆಸರಿಗೆ ಬಂದದ್ದು ಅಂತ ನಾನು ಒಡೆಯಲಿಲ್ಲ.

ಮಾರನೇ ದಿನ ಮಣ್ಣು ಮಾಡುವ ಮುಂಚೆ ಅಪ್ಪನನ್ನು ಕೂರಿಸಿದ್ದಾಗ ನೀವು ಬಂದು ಎದುರಿಗೆ ಕೂತು, ಹೊತ್ತು ನೆತ್ತಿಗೇರುವವರೆಗೂ ಅವರ ಜೊತೆ ಮಾತಾಡಿದಿರಿ. ಎಲ್ಲರೂ ನಿಮಗೆ ತಲೆ ಕೆಟ್ಟಿದೆ ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಅಷ್ಟು ಜನರ ನಡುವೆ ನಿಮ್ಮನ್ನು ಕೇಳಲು ನನಗೆ ಆಗಲಿಲ್ಲ, ಈಗ ಕೇಳುತ್ತಿದ್ದೇನೆ.

ಅಪ್ಪ ಯಾಕೆ ಡಯಾಲಿಸಿಸ್ ನಿಲ್ಲಿಸಿದರು? ಡಾಕ್ಟರ್ ಬಿಡುವು ಕೊಟ್ಟೇ ಇರಲಿಲ್ಲವಂತೆ. ಮೇ 20ಕ್ಕೆ ತಿಪಟೂರಿನಿಂದ ಬಂದವರು ಹಾಗೇ ಮಲಗಿಬಿಟ್ಟರು. ಮೂವತ್ತನೇ ತಾರೀಕು ನಿಮಗೆ ಒಂದು ದಪ್ಪ ಕಾಗದ ಬರೆದರು, ನಾನೇ ಪೋಸ್ಟ್ ಮಾಡಿದೆ. ಅದರಲ್ಲಿ ಏನಿತ್ತು? ನಾನು ನಿಮಗೆ ಬರೆದದ್ದು ಅವರಿಗೆ ಗೊತ್ತಾಗಿತ್ತಾ? ನನ್ನ ಕಾಗದದಿಂದ ಏನಾದರೂ ಆಯಿತಾ ಅತ್ತೆ? ಹೀಗೇ ಯೋಚಿಸಿ ಯೋಚಿಸಿ ತಲೆ ಸಿಡಿಯುತ್ತಿದೆ. ಅನ್ನ ಸೇರುತ್ತಿಲ್ಲ. ನಿಜ ಹೇಳಿ.

ಗಾನವಿ

*

ತಿಪಟೂರು
20 ಜೂನ್ 2025

ಮಗಳೇ ಗಾನವಿ,

ಮೊದಲು ಊಟ ಮಾಡು. ಈ ಕಾಗದ ಓದಿ ಪಕ್ಕಕ್ಕಿಟ್ಟು ಒಂದು ತುತ್ತು ತಿನ್ನು. ನಿಮ್ಮಮ್ಮನಿಗೂ ತಿನ್ನಿಸು.

ನಿನ್ನ ಕಾಗದ ನನಗೆ ಬಂದು ಸೇರಿದ್ದೇ ತಡವಾಗಿ. ಅಷ್ಟರಲ್ಲಿ ಬಳ್ಳಿಗೆ ಬೂದಿರೋಗ ಬಿದ್ದು, ಎಲೆಯೆಲ್ಲಾ ಬೆಳ್ಳಗಾಗಿ, ನಾನೇ ಕಿತ್ತು ಹಾಕಿದ್ದೆ. ತಾರಸಿಯಲ್ಲಿ ಬೆಳೆದರೆ ಹೀಗೇ, ಗಾಳಿ ಆಡುವುದಿಲ್ಲ. ನೀನು ಬರೆಯದಿದ್ದರೂ ಬಳ್ಳಿ ಉಳಿಯುತ್ತಿರಲಿಲ್ಲ. ನೀನು ಬರೆದದ್ದು ನಿಮ್ಮಪ್ಪನಿಗೆ ಗೊತ್ತೇ ಆಗಲಿಲ್ಲ, ನಾನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಮೂವತ್ತನೇ ತಾರೀಕಿನ ಕಾಗದದಲ್ಲಿ ಹಳೇ ಪಾಲಿನ ವಿಷಯ ಬರೆದಿದ್ದ. ಅವತ್ತು ಹಜಾರದಲ್ಲಿ ಆಡಿದ ಮಾತಿಗೆ ತಪ್ಪಾಯಿತು ಅಂದಿದ್ದ. ಉಳಿದದ್ದೆಲ್ಲಾ ಇಬ್ಬರು ಮುದುಕರ ಹಳೇ ಮಾತು. ಕಾಗದ ಈಗ ನನ್ನ ಹತ್ತಿರ ಇಲ್ಲ, ಒಲೆಗೆ ಹಾಕಿದೆ. ನೀನು ವಾಪಸ್ ಕಳಿಸಿದ್ದನ್ನೂ ಹಾಕಿದೆ. ಅದರಲ್ಲೇನೂ ಇರಲಿಲ್ಲ, ಮೈ ಹೇಗಿದೆ ಅಂತ ಕೇಳಿದ್ದೆ ಅಷ್ಟೇ.

ಹಣ್ಣು ಕಳಿಸಿ ನಿಮ್ಮಪ್ಪನನ್ನು ಸಾವಿನ ಬಾಯಿಗೆ ತಳ್ಳಿದವಳು ನಾನು. ನೀನು ನಿಮ್ಮಪ್ಪನನ್ನು ಉಳಿಸಲು ಬರೆದೆ. ಯಾರಾದರೂ ಬೇರೆ ಥರ ಹೇಳಿದರೆ ನನ್ನ ಹತ್ತಿರ ಕಳಿಸು, ನಾನು ಮಾತಾಡುತ್ತೇನೆ. ನಿನ್ನ ತಲೆ ಮೇಲಿದ್ದ ಆಣೆಯನ್ನು ಮೂರನೇ ತಾರೀಕು ಬೆಳಿಗ್ಗೆಯೇ ಗುಡಿಯಲ್ಲಿ ಬಿಡಿಸಿಕೊಂಡು ಬಂದೆ. ಇನ್ನು ನಿನಗೆ ಯಾವ ಕೇಡೂ ಇಲ್ಲ. ಕಾಲೇಜಿಗೆ ಹೋಗು.

ಅವನು ಯಾಕೆ ನಿಲ್ಲಿಸಿದ ಅಂತ ನನಗೂ ಗೊತ್ತಿಲ್ಲ ಮಗಾ. ಗೊತ್ತಿದ್ದರೆ ನಿನಗೆ ಹೇಳದೆ ಇರುತ್ತಿದ್ದೆನಾ?

ಅತ್ತೆ